ಅಣ್ಣ ಬಿಟ್ಟುಹೋದ ಗೇಮ್ ಡಬ್ಬಿ

ರಿಪೇರಿಯ ಹೊನ್ನೂರಪ್ಪ ಕನ್ನಡಕವನ್ನು ಹಣೆಗೇರಿಸಿ, "ಹೋಗೈತಮ್ಮ" ಎಂದ. ಅವ್ವ ಅಳಲಿಲ್ಲ. ಗೂಡಿನಲ್ಲಿದ್ದ ಅಣ್ಣನ ಗೇಮ್ ಡಬ್ಬಿಯ ಮೇಲೆ ಒಗೆದ ಬಿಳಿ ಟವೆಲನ್ನು ಹೊದಿಸಿ, ನಾಲ್ಕೂ ಮೂಲೆ ಎಳೆದು ಸರಿಮಾಡಿ, ಅಲ್ಲೇ ಗೋಡೆಗೊರಗಿ ಕೂತಳು. ಅತ್ತದ್ದು ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಕೆಂಚಮ್ಮಜ್ಜಿ. ಅಣ್ಣನ ಹೆಂಡತಿ ದುರುಗಮ್ಮ ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನನಗೆ ಬಂದದ್ದು ಸಿಟ್ಟು. ನನಗೆ ಮೊದಲಿನಿಂದಲೂ ಅದೊಂದೇ ಬರುವುದು.

ನಮ್ಮೂರಿನಲ್ಲಿ ಕರೆಂಟಿನ ಯಾವ ಸಾಮಾನೇ ಆಗಲಿ, ಮೊದಲ ಸಲ ಯಾರು ಸ್ವಿಚ್ ಹಾಕುತ್ತಾರೋ ಅವರ ಉಸಿರು ಇರುವ ತನಕ ನಡೆಯುತ್ತದೆ. ಅವರು ಹೋದ ಗಳಿಗೆಗೆ ಅದೂ ನಿಲ್ಲುತ್ತದೆ. ಆಮೇಲೆ ಬ್ರಹ್ಮ ಬಂದರೂ ಏಳುವುದಿಲ್ಲ. ಹೊಸ ಫ್ರಿಜ್ ತಂದವರು ಮನೆಯ ಹಸುಗೂಸಿನ ಬೆರಳು ಹಿಡಿದು ಸ್ವಿಚ್ ಒತ್ತಿಸುತ್ತಾರೆ. ಮುದುಕರು ಹೊಸ ಮಿಕ್ಸಿಯ ಹತ್ತಿರ ಸುಳಿದರೆ ಸೊಸೆಯಂದಿರು ಕೈಹಿಡಿದು ಕರೆದೊಯ್ದು ಜಗಲಿಯ ಮೇಲೆ ಕೂರಿಸುತ್ತಾರೆ. ನಮ್ಮ ಓಣಿಯ ನೀರಿನ ಮೋಟರು ಒಬ್ಬ ಪೈಲ್ವಾನನ ಹೆಸರಿನಲ್ಲಿ ಓಡುತ್ತದೆ. ಅವನು ಜ್ವರದಲ್ಲಿ ಮಲಗಿದಾಗ ಓಣಿಯ ಹೆಂಗಸರೆಲ್ಲ ಮೊದಲು ತಮ್ಮ ಬಿಂದಿಗೆ ತುಂಬಿಟ್ಟುಕೊಂಡು, ಆಮೇಲೆ ಅವನಿಗೆ ಗಂಜಿ ಕಾಯಿಸಿಕೊಟ್ಟದ್ದನ್ನು ನಾನೇ ನೋಡಿದ್ದೇನೆ.

ಊರು ಬಿಟ್ಟು ಹೋಗುವವರು ತಾವು ಚಾಲೂ ಮಾಡಿದ ಒಂದು ಸಾಮಾನನ್ನು ಮನೆಯ ಗೂಡಿನಲ್ಲಿ ಇಟ್ಟು ಹೋಗಬೇಕು. ದಿನಾ ದೀಪ ಹಚ್ಚುವ ಹೊತ್ತಿಗೆ ಅದಕ್ಕೆ ಸ್ವಿಚ್ ಹಾಕಿ ಮನೆಯವರಿಗೆ ತೋರಿಸಬೇಕು. ನಡೆದರೆ ಆಸಾಮಿ ಎಲ್ಲೋ ಇದ್ದಾನೆ ಎಂದು ಅರ್ಥ. ತೋರಿಸುವ ಕೈ ಹೆಂಡತಿಯದೇ ಆಗಬೇಕು, ಅವಳು ಆ ಹೊತ್ತಿಗೆ ಬೇರೆಲ್ಲೂ ಇರುವಂತಿಲ್ಲ. ಹಿಂದೆಲ್ಲ ಬಲ್ಬು ಇಟ್ಟು ಹೋಗುತ್ತಿದ್ದರಂತೆ. ಬಲ್ಬು ತಾನಾಗಿಯೂ ಸುಟ್ಟುಹೋಗುತ್ತದೆ. ಒಬ್ಬಾತ ತನ್ನ ತಿಥಿಯ ದಿನವೇ ಊರಿಗೆ ಬಂದಿಳಿದು, ಪಂಕ್ತಿಯಲ್ಲಿ ಕೂತು, ತನ್ನ ಹೆಸರಿನ ವಡೆಯನ್ನು ತಾನೇ ತಿಂದನಂತೆ. ಅಲ್ಲಿಂದೀಚೆಗೆ ಸಾಮಾನು ನಿಂತರೆ ರಿಪೇರಿಯವನನ್ನು ಕರೆಯುವ ಪದ್ಧತಿ. ಅವನು ನೋಡಿ ಎರಡರಲ್ಲಿ ಒಂದು ಮಾತು ಹೇಳಬೇಕು. ಕೆಟ್ಟಿದೆ ಎಂದರೆ ರಿಪೇರಿ. ಹೋಗಿದೆ ಎಂದರೆ ನಾಲ್ಕನೆಯ ದಿನ ಆ ಸಾಮಾನನ್ನೇ ಹೆಣದ ಬದಲು ಮಣ್ಣು ಮಾಡಿ, ಹೆಂಡತಿಯನ್ನು ಆ ಗೂಡಿನ ಕೆಲಸದಿಂದ ಬಿಡಿಸುತ್ತಾರೆ. ಮೂವತ್ತು ವರ್ಷದಿಂದ ಆ ಮಾತು ಹೇಳುತ್ತಿರುವವನು ಹೊನ್ನೂರಪ್ಪ. ಅವನ ಮಾತಿಗೆ ಯಾರೂ ಎದುರಾಡಿದ್ದಿಲ್ಲ.

ನಮ್ಮಣ್ಣ ಪಂಪಾಪತಿ ಹೋಗಿ ನಾಲ್ಕು ವರ್ಷ. ಮದುವೆಯಾಗಿ ಏಳು ತಿಂಗಳಿಗೆ ಹೋದ. ಒಂದು ಕಾಗದವಿಲ್ಲ, ಒಂದು ಫೋನಿಲ್ಲ. ಅವನು ಓದಲಿ ಎಂದು ನನ್ನನ್ನು ಏಳನೇ ಕ್ಲಾಸಿಗೆ ಬಿಡಿಸಿ ಹೊನ್ನೂರಪ್ಪನ ಅಂಗಡಿಯಲ್ಲಿ ಕೂರಿಸಿದ್ದರು. ಅವನು ಓದಿದ್ದೂ ಅಷ್ಟರಲ್ಲೇ ಇತ್ತು. ಟಿವಿಗೆ ಗೇಮ್ ಡಬ್ಬಿ ಸಿಕ್ಕಿಸಿಕೊಂಡು ದಿನವಿಡೀ ಕಾರು ಓಡಿಸುತ್ತಿದ್ದ. ಹೋಗುವಾಗ ಅದನ್ನೇ ಗೂಡಿನಲ್ಲಿಟ್ಟ. ಒಳಗಿನ ಕಾರಿನ ಸಿಡಿಯನ್ನು ತೆಗೆಯುವಷ್ಟೂ ವ್ಯವಧಾನ ಇರಲಿಲ್ಲ ಅವನಿಗೆ. ಊರೆಲ್ಲ ನಕ್ಕಿತು. ದಿನಾ ಸಂಜೆ ಅತ್ತಿಗೆ ಸ್ವಿಚ್ ಹಾಕುತ್ತಿದ್ದಳು, ಹಸಿರು ದೀಪ ಬಂದು ಒಳಗೆ ಸಿಡಿ ಗುರ್ ಎಂದು ತಿರುಗುತ್ತಿತ್ತು, ಅವ್ವ ಕೈಮುಗಿದು ಎದ್ದುಹೋಗುತ್ತಿದ್ದಳು. ಹೋದ ತಿಂಗಳು ಹೊಳೆಯಾಚೆಯ ಊರಿನಲ್ಲಿ ಅತ್ತಿಗೆಯ ತಾಯಿ ಹಾಸಿಗೆ ಹಿಡಿದಾಗಲೂ ಅವಳು ಹೋಗಲಿಲ್ಲ, ಸತ್ತಾಗಲೂ ಹೋಗಲಿಲ್ಲ. ಹೋದರೆ ದೀಪದ ಹೊತ್ತಿಗೆ ಹಿಂದಿರುಗಲು ದೋಣಿಯಿಲ್ಲ. ಹೋಗಬೇಡ ಎಂದು ಅವ್ವ ಹೇಳಲಿಲ್ಲ. ಹೇಳುವ ಅಗತ್ಯವೇ ಬೀಳಲಿಲ್ಲ.

ನನಗೆ ಅಣ್ಣ ಬದುಕಿರಬೇಕಿತ್ತು. ಪ್ರೀತಿಯಿಂದ ಅಲ್ಲ. ಅವನ ಕೊರಳಪಟ್ಟಿ ಹಿಡಿದು ಕೇಳುವುದು ಬಹಳ ಇತ್ತು. ನನ್ನ ಸ್ಕೂಲಿನ ಚೀಲದ ಲೆಕ್ಕ, ಅತ್ತಿಗೆಯ ಲೆಕ್ಕ, ಅವ್ವನ ಕಣ್ಣು ಮಂಜಾದ ಲೆಕ್ಕ. ಸತ್ತರೆ ಅವನು ಒಳ್ಳೆಯವನಾಗಿಬಿಡುತ್ತಾನೆ. ಕೆಂಚಮ್ಮಜ್ಜಿ ಆಗಲೇ "ಬಂಗಾರದಂಥ ಹುಡುಗ" ಎಂದು ಶುರು ಮಾಡಿದ್ದಳು.

ನಾನು ಹೊನ್ನೂರಪ್ಪನ ಬೆನ್ನಿಗೇ ಅಂಗಡಿಗೆ ಹೋದೆ. ಅವನು ಡಬ್ಬಿ ನೋಡುವಾಗ ನಾನು ಮನೆಯಲ್ಲಿರಲಿಲ್ಲ, ಮಾತು ಹೇಳುವ ಹೊತ್ತಿಗೆ ಬಂದಿದ್ದೆ. ಅವನು ಯಾರದೋ ಇಸ್ತ್ರಿಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ.

"ಸ್ಕ್ರೂ ಬಿಚ್ಚಿ ನೋಡಿದ್ಯೇನಣ್ಣ?" ಎಂದೆ.

"ಬಿಚ್ಚಿದ್ದೆ."

"ಒಳಗೇನಿತ್ತು?"

"ಒಳಗೇನಿರ್ತೈತೆ? ಎಲ್ಲದ್ರಾಗೂ ಇರೋದು ಒಂದೇ, ತಂತಿ, ತಗಡು. ಹೋಗೈತೆ ಅಂದ್ನೆಲ್ಲ."

"ಅಡಾಪ್ಟರ್ ನೋಡಿದ್ಯಾ? ಬೋರ್ಡಿಗೆ ಮೀಟರ್ ಇಟ್ಯಾ? ಡ್ರೈವು ಬಿಡಿಸಿ ನೋಡಿದ್ಯಾ? ಎರಡು ನಿಮಿಷದಾಗೆ ಟೀ ಕುಡ್ದು ಎದ್ದು ಬಂದಿ."

"ಟೀ ಚೆನ್ನಾಗಿತ್ತು" ಎಂದ ಹೊನ್ನೂರಪ್ಪ. ಆಮೇಲೆ ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದ. "ಓಬಳೇಶಿ, ನಿಂಗೆ ಕೈ ಐತೆ. ನನಗಿಂತ ಚಲೋ ಕೈ. ತಲೆ ಮಾತ್ರ ಬರೇ ಬೆಂಕಿಪೆಟ್ಟಿಗೆ. ನಾಲ್ಕು ವರ್ಷದಿಂದ ಬರದೋನು, ಇದ್ದನೋ ಸತ್ತನೋ, ಏನು ಫರಕು? ಬಿಡು ಅದನ್ನ."

"ನಿನ್ನ ಮಗ ಆಗಿದ್ರೆ ಬಿಡ್ತಿದ್ಯಾ?"

ಅವನು ಮತ್ತೆ ಇಸ್ತ್ರಿಪೆಟ್ಟಿಗೆಯನ್ನು ಎಳೆದುಕೊಂಡ. ನಾನು ಸೊಂಟಕ್ಕೆ ಸಿಕ್ಕಿಸಿದ್ದ ಟೆಸ್ಟರನ್ನು ಕಿತ್ತು ಅವನ ಮೇಜಿನ ಮೇಲೆ ಎಸೆದು, ಇನ್ನು ನಿನ್ನ ಅಂಗಡಿಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಹೇಳಿ ಬಂದೆ. ಒಂಬತ್ತು ವರ್ಷ ಅನ್ನ ಹಾಕಿದ ಅಂಗಡಿ. ದಾರಿಯುದ್ದಕ್ಕೂ ಅವನು ಸೋಮಾರಿ, ಅವನ ಕಣ್ಣು ಹೋಗಿದೆ, ಮೂವತ್ತು ವರ್ಷದಲ್ಲಿ ಇವನು ಎಷ್ಟು ಜನ ಬದುಕಿದ್ದವರನ್ನು ಮಣ್ಣು ಮಾಡಿಸಿದನೋ ಎಂದು ಬೈಯುತ್ತಲೇ ಬಂದೆ.

ಮರುದಿನ ಮಧ್ಯಾಹ್ನ ಅವ್ವ ನಾಲ್ಕನೆಯ ದಿನಕ್ಕೆ ಅಕ್ಕಿ ಹಸನು ಮಾಡಲು ಕೆಂಚಮ್ಮಜ್ಜಿಯ ಮನೆಗೆ ಹೋದಾಗ ಟವೆಲ್ ಸರಿಸಿ ಡಬ್ಬಿಯನ್ನು ನನ್ನ ಕೋಣೆಗೆ ಎತ್ತಿಕೊಂಡು ಬಂದೆ. ಸೂತಕದ ಸಾಮಾನು ಮುಟ್ಟಬಾರದು. ಮುಟ್ಟಿದೆ. ಅತ್ತಿಗೆ ಬಾಗಿಲಿಗೆ ಬಂದು ನಿಂತಳು.

"ಬಿಡು ಓಬಳೇಶಿ. ಹೊನ್ನೂರಪ್ಪಣ್ಣ ಹೇಳಿದ್ಮೇಲೆ ಮುಗೀತು."

"ಅವನೇನು ಯಮನಾ?"

"ನಿಂಗೆ ನಿಮ್ಮಣ್ಣ ಬೇಕೋ, ನಿಮ್ಮಣ್ಣನ ಸುದ್ದಿ ಬೇಕೋ?"

"ನಿಂಗೆ ಎರಡೂ ಬೇಡ, ಕಾಣ್ತೈತೆ" ಎಂದೆ. "ಗಂಡ ಸತ್ತ ಅಂದ ದಿನಾನೂ ನಿನ್ನ ಕಣ್ಣಾಗೆ ಒಂದು ಹನಿ ಬರ್ಲಿಲ್ಲ."

ಅವಳು ನನ್ನನ್ನು ಬೈಯಬಹುದಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಬೈಯುತ್ತಿದ್ದಳು ಕೂಡ. ನನ್ನ ತಾಟಿನಲ್ಲಿ ಅನ್ನ ಉಳಿದರೆ, ಶರಟಿನ ಗುಂಡಿ ಕಿತ್ತಿದ್ದರೆ. ಈಗ ಸುಮ್ಮನೆ ಹಿಂದಿರುಗಿ ಒಲೆಯ ಮುಂದೆ ಕೂತಳು.

ಡಬ್ಬಿ ಬಿಚ್ಚಿದೆ. ಅಡಾಪ್ಟರ್ ಸುಟ್ಟಿತ್ತು. ಒಳಗಿನ ದೊಡ್ಡ ಬೋರ್ಡು ಒಂದು ಮಗ್ಗುಲಿಗೆ ಕಪ್ಪಾಗಿ, ತಾಮ್ರವೆಲ್ಲ ಹಸಿರು ತಿರುಗಿ, ಮೇಲೆ ಬೆಳ್ಳಗೆ ಹಕ್ಕಳೆ ಕಟ್ಟಿತ್ತು. ನನಗೆ ಕುಣಿಯಬೇಕು ಅನ್ನಿಸಿತು. ನಮ್ಮ ಮನೆಯ ಗೋಡೆಯಲ್ಲಿ ಚೌಳು ಇದೆ, ಮುಟ್ಟಿದರೆ ಬಿಳಿ ಪುಡಿ ಉದುರುತ್ತದೆ. ಗೂಡಿನ ಚೌಳು ಇಳಿದು ಬೋರ್ಡನ್ನು ತಿಂದಿದೆ, ಇದು ಕೆಟ್ಟಿರುವುದು, ಹೋಗಿರುವುದಲ್ಲ ಎಂದುಕೊಂಡೆ. ಬೋರ್ಡು ಸುಡುಗಾಡು ಸೇರಿತ್ತು, ಅದನ್ನು ಎಬ್ಬಿಸುವುದು ಸಾಧ್ಯವಿರಲಿಲ್ಲ. ಆದರೆ ಸಿಡಿ ತಿರುಗಿಸುವ ಡ್ರೈವು ತನ್ನದೇ ತಗಡಿನ ಪೆಟ್ಟಿಗೆಯೊಳಗೆ ಒಣಗಿಕೊಂಡು ಭದ್ರವಾಗಿತ್ತು. ಅಣ್ಣ ಮೊದಲ ಸಲ ಸ್ವಿಚ್ ಹಾಕಿದ ದಿನ ಡ್ರೈವೂ ಅವನ ಕೈಯಿಂದಲೇ ಎದ್ದದ್ದು. ಅದಕ್ಕೆ ಬೇರೆ ಕಡೆಯಿಂದ ಕರೆಂಟು ಕೊಟ್ಟರೆ ಸಾಕು. ತಿರುಗಿದರೆ ಅಣ್ಣ ಇದ್ದಾನೆ.

ಕರೆಂಟು ಕೊಡಲು ನನ್ನ ಕಂಪ್ಯೂಟರ್ ಇತ್ತು. ಎರಡು ವರ್ಷ ಬಿಡಿಬಿಡಿಯಾಗಿ ಹೊಸ ಭಾಗಗಳನ್ನೇ ತಂದು ಜೋಡಿಸಿದ್ದು, ಒಂದೊಂದಕ್ಕೂ ಮೊದಲು ಸ್ವಿಚ್ ಹಾಕಿದ ಕೈ ನನ್ನದೇ. ಅದರ ಹೊಟ್ಟೆಯಲ್ಲಿ ಕರೆಂಟು ಹಂಚುವ ಪೆಟ್ಟಿಗೆ ಇರುತ್ತದೆ, ಎಸ್‌ಎಂಪಿಎಸ್ ಎನ್ನುತ್ತೇವೆ. ಅದರಿಂದ ಬಣ್ಣಬಣ್ಣದ ತಂತಿಗಳು ಹೊರಡುತ್ತವೆ. ಹಳದಿಯಲ್ಲಿ ಹನ್ನೆರಡು ವೋಲ್ಟು, ಕೆಂಪಿನಲ್ಲಿ ಐದು, ಕಿತ್ತಳೆಯಲ್ಲಿ ಮೂರು ಚಿಲ್ಲರೆ, ಕಪ್ಪು ಹಿಂದಿರುಗುವ ದಾರಿ. ಗೇಮ್ ಡಬ್ಬಿಯ ಡ್ರೈವಿಗೂ ಬೇಕಾದದ್ದು ಇವೇ. ಆದರೆ ಅದರ ಬಾಯಿ ಬೇರೆ ಅಳತೆಯದು, ಎರಡು ಸಾಲಿನಲ್ಲಿ ಹನ್ನೆರಡು ಸೂಜಿ. ಕಂಪ್ಯೂಟರಿನ ಪ್ಲಗ್ಗು ಅದಕ್ಕೆ ಕೂರುವುದಿಲ್ಲ. ಡಬ್ಬಿ ಮಾಡಿದವರು ಬೇಕೆಂದೇ ಹಾಗೆ ಮಾಡಿರುತ್ತಾರೆ, ನಮ್ಮಂಥವರು ಕೈ ಹಾಕಬಾರದು ಎಂದು.

ಅಂಗಡಿಯಲ್ಲಿ ಇಂಥ ಎರಡು ಡಬ್ಬಿ ರಿಪೇರಿ ಮಾಡಿದ್ದೆ. ಯಾವ ಸೂಜಿಗೆ ಯಾವ ಕರೆಂಟು ಎಂದು ಆಗ ಬೀಡಿ ಪ್ಯಾಕೆಟಿನ ಹಿಂದೆ ಬರೆದಿಟ್ಟುಕೊಂಡಿದ್ದೆ. ಅದನ್ನು ಹುಡುಕಿ ತೆಗೆದೆ. ಹಳದಿ, ಕೆಂಪು, ಕಿತ್ತಳೆ, ಕಪ್ಪು ತಂತಿಗಳನ್ನು ಕತ್ತರಿಸಿ, ತುದಿ ಸುಲಿದು, ಡ್ರೈವಿನ ಸೂಜಿಗಳಿಗೆ ಒಂದೊಂದಾಗಿ ಬೆಸೆದೆ. ಒಂದು ತಂತಿ ಆಚೀಚೆಯಾಗಿ ಐದು ಹೋಗುವ ಕಡೆ ಹನ್ನೆರಡು ಹೋದರೆ ಡ್ರೈವಿನ ಚಿಪ್ ಸುಡುತ್ತದೆ. ಸುಟ್ಟರೆ ಅಣ್ಣ ಇದ್ದಾನೋ ಇಲ್ಲವೋ ಎಂದು ಹೇಳಲು ಈ ಲೋಕದಲ್ಲಿ ಇನ್ನೊಂದು ಸಾಮಾನಿಲ್ಲ. ಏಳನೇ ಕ್ಲಾಸಿನಲ್ಲಿ ನನ್ನ ಕೈಬರಹಕ್ಕೆ ಬೆತ್ತದ ಏಟು ಕೊಟ್ಟ ಮೇಷ್ಟ್ರು ಅವತ್ತು ನನ್ನ ಬೆಸುಗೆಯನ್ನು ನೋಡಬೇಕಿತ್ತು.

ಮೂರನೆಯ ದಿನ ಸಂಜೆ ಎಲ್ಲರನ್ನೂ ಕೋಣೆಗೆ ಕರೆದೆ. ಅವ್ವ ಬಂದಳು, ಕೆಂಚಮ್ಮಜ್ಜಿ ಬಂದಳು, ಕಿಟಕಿಯಾಚೆ ಓಣಿಯ ಹತ್ತು ತಲೆ ಸೇರಿದವು. ಹೊನ್ನೂರಪ್ಪನಿಗೆ ನಾನೇ ಹೇಳಿಕಳಿಸಿದ್ದೆ. ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತ. ಅತ್ತಿಗೆ ಎಲ್ಲರ ಹಿಂದೆ.

"ನಿನ್ನ ಕಂಪ್ಯೂಟರಿನ ಕರೆಂಟಿನಾಗೆ ತಿರುಗಿದ್ರೆ ನಿನ್ನ ಉಸಿರಿಂದ ತಿರುಗಿದಂಗಲ್ವೇನೋ?" ಎಂದಳು ಕೆಂಚಮ್ಮಜ್ಜಿ. "ಅದ್ರಾಗೆ ಪಂಪ ಎಲ್ಲಿಂದ ಬಂದ?"

ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು. ಸತ್ತುಹೋದ ಅಪ್ಪನ ಟೇಪ್ ರೆಕಾರ್ಡರನ್ನು ಅಟ್ಟದಿಂದ ಇಳಿಸಿಟ್ಟುಕೊಂಡಿದ್ದೆ. ಅದೂ ಹನ್ನೆರಡು ವೋಲ್ಟಿನದು. ಅದರ ಒಳಗನ್ನೆಲ್ಲ ಒರೆಸಿ, ಬೆಲ್ಟು ಬದಲಿಸಿ, ಒಂದು ತಪ್ಪಿಲ್ಲದ ಹಾಗೆ ಮಾಡಿದ್ದೆ. ಮೊದಲು ಕಂಪ್ಯೂಟರ್ ಚಾಲೂ ಮಾಡಿ ಅದಕ್ಕೆ ಹಳದಿ ತಂತಿ ಮುಟ್ಟಿಸಿದೆ. ಮೀಟರಿನ ಮುಳ್ಳು ಹನ್ನೆರಡಕ್ಕೆ ಏರಿತು. ಟೇಪ್ ರೆಕಾರ್ಡರ್ ಕಲ್ಲಿನ ಹಾಗೆ ಬಿದ್ದಿತ್ತು.

"ನೋಡಜ್ಜಿ. ಕರೆಂಟು ನನ್ನದೇ, ಹೋಗ್ತಾನೂ ಐತೆ. ಅಪ್ಪ ಎದ್ನಾ?"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವ್ವ, "ಅವರನ್ಯಾಕೆ ಎಳೀತೀಯೋ ಇದ್ಕೆ" ಎಂದಳು, ಅಷ್ಟೇ.

"ಓಬಳೇಶಿ" ಎಂದ ಹೊನ್ನೂರಪ್ಪ. "ಇಲ್ಲಿಗೆ ಸಾಕು. ನೀನು ಜಾಣ ಅಂತ ಒಪ್ಪಿದೆ. ನಾಳೆಯಿಂದ ಅಂಗಡಿಗೆ ಬಾ."

"ಹೆದರಿಕೆ ಆಯ್ತೇನಣ್ಣ?" ಎಂದು ಹೇಳಿ ನಾನು ಕಂಪ್ಯೂಟರ್ ಆರಿಸಿ, ಡ್ರೈವಿನ ತಂತಿಯನ್ನು ಸಿಕ್ಕಿಸಿ, ಮತ್ತೆ ಗುಂಡಿ ಒತ್ತಿದೆ.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಡ್ರೈವಿನೊಳಗೆ ಟಿಕ್ ಎಂದಿತು. ಮತ್ತೊಂದು ಟಿಕ್. ಒಳಗಿದ್ದ ಕಾರಿನ ಸಿಡಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, ಗುರ್ ಎಂದು ತಿರುಗತೊಡಗಿತು. ಮೇಜು ಸಣ್ಣಗೆ ನಡುಗಿತು. ಕಿಟಕಿಯಾಚೆ ಯಾರೋ "ಲೇ, ಇದ್ದಾನಲೇ" ಎಂದರು. ಅವ್ವ ಮುಂದೆ ಬಂದು ಎರಡೂ ಅಂಗೈಯನ್ನು ಆ ತಗಡಿನ ಮೇಲೆ ಇಟ್ಟಳು. ಅದರ ನಡುಕ ಅವಳ ಮೊಳಕೈತನಕ ಏರಿದ್ದು ನನಗೆ ಕಾಣಿಸುತ್ತಿತ್ತು. ಮೂರು ದಿನದಿಂದ ಕಟ್ಟಿಕೊಂಡಿದ್ದ ಅಳು ಆಗ ಬಂತು ಅವಳಿಗೆ.

ನಾನು ಹೊನ್ನೂರಪ್ಪನ ಕಡೆ ತಿರುಗಿದೆ. ಅವನ ಮುಖದಲ್ಲಿ ಸೋತ ಕಳೆ ಇರುತ್ತದೆಂದುಕೊಂಡಿದ್ದೆ. ಅವನು ನನ್ನನ್ನು ನೋಡುತ್ತಲೇ ಇರಲಿಲ್ಲ. ಅತ್ತಿಗೆಯನ್ನು ನೋಡುತ್ತಿದ್ದ. ಅತ್ತಿಗೆ ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತಳು. "ಪಾಪ, ಗಂಡ ಬದುಕಿದ ಸಂತೋಷ ತಡೀಲಾರದೆ" ಎಂದು ಕೆಂಚಮ್ಮಜ್ಜಿ ನೀರು ತರಲು ಓಡಿದಳು.

ಮರುದಿನ ಅಕ್ಕಿಯನ್ನು ಡಬ್ಬಕ್ಕೆ ತುಂಬಿಟ್ಟರು. ಓಣಿಯವರು ನನ್ನ ಬೆನ್ನು ತಟ್ಟಿದರು. ತಮ್ಮ ತಮ್ಮ ಗೂಡಿನ ಸಾಮಾನು ಒಮ್ಮೆ ನೋಡಿಕೊಡು ಎಂದು ಮೂರು ಮನೆಯವರು ಕರೆದರು. ನಾನು ಬೀಗುತ್ತಾ ಹಿತ್ತಲಿಗೆ ಹೋದೆ. ಅತ್ತಿಗೆ ಪಾತ್ರೆ ತೊಳೆಯುತ್ತಿದ್ದಳು.

"ಅತ್ತಿಗೆ, ಗೂಡಿನ ಗೋಡೆಗೆ ಸುಣ್ಣ ಬಳೀಬೇಕು. ಚೌಳು ಇಳಿದು ಬೋರ್ಡು ತಿಂದುಬಿಟ್ಟೈತೆ."

"ಚೌಳಲ್ಲ, ಉಪ್ಪು" ಎಂದಳು ಅತ್ತಿಗೆ, ಪಾತ್ರೆಯಿಂದ ಕಣ್ಣೆತ್ತದೆ. "ಎರಡು ಹಿಡಿ ಕಲ್ಲುಪ್ಪು. ಚೊಂಬಿನಾಗೆ ಕರಗಿಸಿ, ಮೇಲಿನ ತೂತಿನಿಂದ ಹೊಯ್ದೆ."

ನಾನು ತೊಳೆದಿಟ್ಟ ಪಾತ್ರೆಗಳ ಪಕ್ಕ ಕುಕ್ಕರಗಾಲಲ್ಲಿ ಕೂತೆ.

"ಅವತ್ತು ಹೊಳೆಯಾಚೆಯಿಂದ ನಮ್ಮ ಚಿಕ್ಕಪ್ಪ ಬಂದಿದ್ರಲ್ಲ, ಅಮ್ಮನ ಹದಿಮೂರು ದಿನ ಮುಗಿಸ್ಕೊಂಡು. ಅವರು ಹೇಳಿದ್ರು, ಅಮ್ಮ ಕೊನೇ ಎರಡು ದಿನ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ಲಂತೆ. ಎಲ್ಲರೂ ಮಗ್ಗುಲು ಬದಲಿಸಿದ್ರೂ ಮತ್ತೆ ಆ ಕಡೆಗೇ ಹೊರಳ್ತಿದ್ಲಂತೆ." ಅವಳು ಬೋಗುಣಿಯನ್ನು ಬೋರಲು ಹಾಕಿದಳು. "ಆ ಹೊತ್ತಿಗೆ ನಾನಿಲ್ಲಿ ನಿಮ್ಮಣ್ಣನ ಕಾರು ತಿರುಗಿಸ್ತಾ ಕೂತಿದ್ದೆ. ಅದಾಗಿ ಒಂದು ವಾರಕ್ಕೆ ಹೊಯ್ದೆ."

"ಹೊನ್ನೂರಣ್ಣಗೆ ಹೇಳಿದ್ಯಾ?"

"ಏನೂ ಹೇಳ್ಲಿಲ್ಲ. ಮುಚ್ಚಳ ತೆಗೆದ್ರು. ಬೆರಳಿಗೆ ಹಚ್ಕೊಂಡು ನಾಲಿಗೆಗೆ ಇಟ್ಟು ನೋಡಿದ್ರು. ನನ್ನ ಕಡೆ ಒಂದು ಸಲ ನೋಡಿ ಮುಚ್ಚಳ ಹಾಕಿದ್ರು. ಅಷ್ಟೇ."

ಆ ಬಿಳಿ ಹಕ್ಕಳೆಯನ್ನು ನಾನೂ ನೋಡಿದ್ದೆ. ಬೆರಳಿನಿಂದ ಕೆರೆದು ನೆಲಕ್ಕೆ ಉದುರಿಸಿದ್ದೆ. ನಾಲಿಗೆಗೆ ಇಟ್ಟು ನೋಡಬೇಕೆಂದು ಹೊಳೆದಿರಲಿಲ್ಲ.

"ನನಗೆ ಒಂದು ಮಾತು ಹೇಳಬಹುದಿತ್ತಲ್ಲ ಅತ್ತಿಗೆ."

"ನೀನು ಯಾವತ್ತು ಯಾರ ಮಾತು ಕೇಳಿದ್ದೀಯ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಅದನ್ನು ಇವತ್ತು ಸಾರಿಗೆ ಬೇಳೆಯಿಲ್ಲ ಎನ್ನುವ ಹಾಗೆ ಹೇಳಿದಳು.

ಅವತ್ತಿನಿಂದ ಗೂಡು ನನ್ನ ಕೋಣೆಗೆ ಬಂತು. ದೀಪದ ಹೊತ್ತಿಗೆ ಅತ್ತಿಗೆ ಬಂದು ಕಂಪ್ಯೂಟರಿನ ಗುಂಡಿ ಒತ್ತುತ್ತಾಳೆ. ನಾನು ಮೇಜು ಬಿಟ್ಟು ಎದ್ದು ನಿಲ್ಲಬೇಕು. ಡ್ರೈವು ತಿರುಗುತ್ತದೆ, ಅವ್ವ ಕೈಮುಗಿಯುತ್ತಾಳೆ. ನಾನೇ ತೋರಿಸುತ್ತೇನೆ, ಅತ್ತಿಗೆ ನಾಲ್ಕು ದಿನ ಹೊಳೆಯಾಚೆ ಹೋಗಿಬರಲಿ ಎಂದು ಮೊದಲು ಅವ್ವನಿಗೆ ಹೇಳಿದೆ. ಅವ್ವ ಬೆಚ್ಚಿಬಿದ್ದಳು. ಸತ್ತ ಎಂದು ಒಮ್ಮೆ ಟವೆಲ್ ಮುಚ್ಚಿಸಿಕೊಂಡು ಎದ್ದ ಜೀವ ಅದು, ಈಗಲೇ ಪದ್ಧತಿ ತಪ್ಪಿಸಿದರೆ ಉಳಿಯುತ್ತದೆಯೇ ಎಂದಳು. ಹೊನ್ನೂರಪ್ಪನ ಹತ್ತಿರ ಹೋಗಿ, ಇನ್ನೊಂದು ಸಲ ಹೋಗಿದೆ ಎಂದು ಹೇಳು ಎಂದು ಕೇಳಿದೆ. ಅವನು ನನಗೆ ಕೂರಲು ಸ್ಟೂಲು ಕೊಟ್ಟ. "ಇಡೀ ಓಣಿ ಕಿವಿಯಾರೆ ಕೇಳೈತೆ" ಎಂದ. "ನನ್ನ ಮಾತು ಈಗ ಯಾರು ನಂಬ್ತಾರೆ? ನಿನ್ನೆ ಒಬ್ಬಳು ಬಂದು, ಹತ್ತು ವರ್ಷದ ಹಿಂದೆ ಮಣ್ಣು ಮಾಡಿದ ರೇಡಿಯೋನ ಅಗೆಸಿ ತೆಗೆಸ್ತೀನಿ, ಓಬಳೇಶಿ ನೋಡ್ಲಿ ಅಂದ್ಲು."

ಉಳಿದದ್ದು ಒಂದೇ ದಾರಿ. ಒಂದು ಮಧ್ಯಾಹ್ನ ಕೆಂಪು ತಂತಿಯನ್ನೂ ಹಳದಿ ತಂತಿಯನ್ನೂ ಅದಲುಬದಲು ಮಾಡಿಬಿಡುವುದೆಂದು ಇಕ್ಕಳ ಹಿಡಿದು ಕೋಣೆಗೆ ಹೋದೆ. ಅವ್ವ ಅಲ್ಲಿದ್ದಳು. ಡ್ರೈವು ಆರಿತ್ತು. ಅವಳು ಮೇಜಿನ ಮೇಲೆ ತಲೆಯಿಟ್ಟು, ಕಿವಿಯನ್ನು ಆ ತಗಡಿಗೆ ಒತ್ತಿಕೊಂಡು, "ಅಲ್ಲಿ ನೀರು ಸರಿಯಾಗಿ ಸಿಗ್ತೈತೇನಪ್ಪ?" ಎಂದು ಕೇಳುತ್ತಿದ್ದಳು. ಕೇಳಿ, ಉತ್ತರಕ್ಕೆ ಬಿಡುವಷ್ಟು ಹೊತ್ತು ಬಿಟ್ಟು, "ತಲೆಗೆ ಎಣ್ಣೆ ಹಚ್ಕೋ" ಎಂದಳು. ಎಲ್ಲಿಯೋ ಒಂದು ಊರಿನಲ್ಲಿ ಆ ನಾಯಿ ಆಗ ಊಟ ಮಾಡಿ ಮಲಗಿತ್ತೋ ಏನೋ. ಅವನ ಕುತ್ತಿಗೆ ಹಿಚುಕಲು ನನ್ನ ಕೈಗೆ ಇದ್ದದ್ದು ಆ ಎರಡು ತಂತಿ ಮಾತ್ರ, ಅದರ ನಡುವೆ ಅವ್ವನ ತಲೆಯಿತ್ತು. ಇಕ್ಕಳವನ್ನು ಜೇಬಿಗೆ ಹಾಕಿಕೊಂಡು ಬಂದೆ.

ಸಂಜೆ ಅತ್ತಿಗೆ ಎಂದಿನ ಹಾಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಗುಂಡಿ ಒತ್ತಿದಳು. ತಿರುಗಿತು. ಅವ್ವ ಕೈಮುಗಿದು, ಕಣ್ಣಿಗೊತ್ತಿಕೊಂಡು ಹೋದಳು. ಅತ್ತಿಗೆ ಮಾತ್ರ ಅಂದು ತಕ್ಷಣ ಆರಿಸಲಿಲ್ಲ. ತಿರುಗುವ ಸದ್ದನ್ನು ಕೇಳುತ್ತಾ ನಿಂತಳು.

"ಇದು ಇನ್ನೂ ಎಷ್ಟು ವರ್ಷ ತಿರುಗ್ತೈತೆ ಓಬಳೇಶಿ?"

ಸುಳ್ಳು ಹೇಳಬಹುದಿತ್ತು. ಇಂದೋ ನಾಳೆಯೋ ನಿಲ್ಲುತ್ತದೆ ಎನ್ನಬಹುದಿತ್ತು. ಆದರೆ ಈ ಒಂದು ವಿಷಯದಲ್ಲಿ ನನಗೆ ಸುಳ್ಳು ಹೇಳಲು ಬರುವುದಿಲ್ಲ, ಬಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

"ಮೋಟರು ಗಟ್ಟಿ ಐತೆ ಅತ್ತಿಗೆ. ಬೆಸುಗೆ ನಂದೇ. ದಿನಕ್ಕೆ ಎರಡು ನಿಮಿಷ ಓಡಿಸಿದ್ರೆ ಇಪ್ಪತ್ತು ವರ್ಷಕ್ಕೂ ಏನೂ ಆಗಲ್ಲ."

ಅವಳು ತಲೆಯಾಡಿಸಿದಳು, ರಿಪೇರಿಯಾದ ಮಿಕ್ಸಿಯನ್ನು ವಾಪಸು ತೆಗೆದುಕೊಳ್ಳುವಾಗ ಗಿರಾಕಿಗಳು ತಲೆಯಾಡಿಸುತ್ತಾರಲ್ಲ, ಹಾಗೆ. ಗುಂಡಿ ಒತ್ತಿ ಆರಿಸಿ, ರೊಟ್ಟಿ ತಟ್ಟಲು ಒಳಗೆ ಹೋದಳು.